ಮಂಗಳವಾರ ಬಂದ ಫೋನು

ನಮ್ಮ ಕಡೆ ಯಾರೂ ಫೋನಿನಲ್ಲಿ ಸಾಯುವುದಿಲ್ಲ. ಎಲ್ಲರಿಗೂ ಬರೇ ಆರಾಮಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲೂಕಿನ ಯಾವ ಊರಿನಿಂದ ಫೋನು ಬಂದರೂ ಮಾತು ಒಂದೇ: "ಭಾಳ ಆರಾಮಿಲ್ಲ, ಜಲ್ದಿ ಬಾ." ಗೋವಾದಲ್ಲೋ ಪುಣೆಯಲ್ಲೋ ದುಡಿಯುತ್ತಿರುವವನು ಅದನ್ನು ಕೇಳಿ ಬಸ್ಸು ಹತ್ತುತ್ತಾನೆ. ಹಾದಿಯುದ್ದಕ್ಕೂ ಅವನಿಗೆ ಗೊತ್ತಿರುತ್ತದೆ, ಆದರೂ ಗೊತ್ತಿಲ್ಲದವನಂತೆ ಕೂತಿರುತ್ತಾನೆ. ಮನೆಯ ಮುಂದೆ ಜನ ನಿಂತದ್ದು ಕಂಡ ಮೇಲೆಯೇ ಅಳು. ಇನ್ನೂ ಒಂದು ಕಟ್ಟಳೆ ಇದೆ. ಇಂಥ ಸುದ್ದಿಯನ್ನು ಸಂಬಂಧಪಟ್ಟವರಿಗೆ ನೇರವಾಗಿ ಹೇಳುವುದಿಲ್ಲ. ಅವರ ಬದಿಯಲ್ಲಿರುವ ಯಾರಿಗಾದರೂ ಫೋನು ಹಚ್ಚಿ, ಅವರನ್ನು ಕಳಿಸಿಕೊಡಿ ಅನ್ನುತ್ತಾರೆ. ಪರಊರಿನಲ್ಲಿ, ತಗಡಿನ ಶೆಡ್ಡಿನಲ್ಲಿ, ಯಾರ ಎದೆಯೂ ಒಬ್ಬಂಟಿಯಾಗಿ ಒಡೆಯಬಾರದು ಅಂತ ನಮ್ಮವರು ಮಾಡಿಕೊಂಡ ಉಪಾಯ ಇದು. ಒಳ್ಳೆಯ ಉಪಾಯವೇ. ಅದನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಬೈಸಿಕೊಳ್ಳಬೇಕಾದವಳು ನಾನು.

ನನ್ನ ಗಂಡ ಗೋವಾದಲ್ಲಿ ಕಟ್ಟಡದ ಮೇಸ್ತ್ರಿ. ಅವನ ಕೈಕೆಳಗೆ ಇಪ್ಪತ್ತು ಇಪ್ಪತ್ತೆರಡು ಜನ, ಎಲ್ಲರೂ ನಮ್ಮ ಜಿಲ್ಲೆಯವರೇ. ಅಲ್ಲಿಯ ಜನ ನಮ್ಮನ್ನೆಲ್ಲ ಒಟ್ಟಿಗೆ ‘ಘಾಟಿ’ ಅಂತ ಕರೆಯುತ್ತಿದ್ದರು. ಘಟ್ಟದ ಮೇಲಿನವರು ಅಂತ ಅರ್ಥ, ಆದರೆ ಅವರು ಅನ್ನುವ ಧಾಟಿಯಲ್ಲಿ ಅದು ಬೈಗುಳವೇ. ನಾವು ನಾವು ಮಾತ್ರ ತಾಲೂಕಿನ ಹೆಸರಿನಿಂದ ಕರೆದುಕೊಳ್ಳುತ್ತಿದ್ದೆವು. ಸಿಂದಗಿ ಅಣ್ಣ, ಬಾಗೇವಾಡಿ ತಮ್ಮ, ಹೀಗೆ. ನನ್ನ ಊರು ಸಾಲೋಟಗಿಯ ಆಚೆಗೆ, ಹಾಗಾಗಿ ನಾನು ಇಂಡಿ ಅಕ್ಕ. ಇಂಡಿಯ ಲಿಂಬಿಹಣ್ಣು ತಿಂದು ತಿಂದು ಈಕೆಯ ಬಾಯಿ ಹುಳಿಯಾಗಿದೆ ಅಂತ ಬೆನ್ನ ಹಿಂದೆ ಆಡಿಕೊಳ್ಳುವುದು ನನಗೆ ಗೊತ್ತಿತ್ತು. ಆಡಿಕೊಳ್ಳಲಿ. ಅಡಿಗೆ ನೋಡುವವಳು ನಾನು, ಯಾರಿಗೆ ಜ್ವರ, ಯಾರು ಕುಡಿದು ಬಿದ್ದಿದ್ದಾರೆ, ಯಾರು ಊರಿಗೆ ಹೋಗಬೇಕು, ಎಲ್ಲ ನನ್ನ ಬಾಯಿಂದಲೇ ತೀರ್ಮಾನವಾಗಬೇಕು. ನಾನು ಹತ್ತನೆ ಇಯತ್ತೆ ಪಾಸಾದವಳು, ನನ್ನ ಗಂಡ ಮೆತ್ತಗಿನ ಮನುಷ್ಯ. ಹೀಗಾಗಿ ಗ್ಯಾಂಗು ಅವನದಾದರೂ ಗದರುವ ಕೆಲಸ ನನ್ನದಾಗಿತ್ತು.

ಆ ಗ್ಯಾಂಗಿನಲ್ಲಿ ಒಬ್ಬಳು ಮುದ್ದೇಬಿಹಾಳದಾಕೆ ಇದ್ದಳು. ತಂಗಡಗಿ ಕಡೆಯ ಹಳ್ಳಿ, ಮುಸಲ್ಮಾನರ ಮನೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ಗಂಡ ಬಿಟ್ಟು ಹೋಗಿ ಎಂಟು ವರ್ಷವಾಗಿತ್ತು. ಒಬ್ಬಳೇ ಮಗಳು, ಅದನ್ನು ಊರಲ್ಲಿ ತನ್ನ ಅಕ್ಕನ ಮನೆಯಲ್ಲಿ ಬಿಟ್ಟಿದ್ದಳು. ಅಕ್ಕನನ್ನು ಆಕೆ ಆಪಾ ಅನ್ನುತ್ತಿದ್ದಳು. ತಾಯಿ ಸಣ್ಣಂದಿನಲ್ಲೇ ಹೋಗಿ, ಈಕೆಯನ್ನು ಎತ್ತಿ ಬೆಳೆಸಿದವಳು ಆ ಆಪಾ, ಈಗ ಈಕೆಯ ಮಗಳನ್ನು ಬೆಳೆಸುತ್ತಿದ್ದವಳೂ ಅವಳೇ. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಹತ್ತು ನಿಮಿಷ ಆಪಾನ ಜೊತೆ ಮಾತಾಡದಿದ್ದರೆ ಈಕೆಗೆ ತುತ್ತು ಇಳಿಯುತ್ತಿರಲಿಲ್ಲ. ಊರಿನಿಂದ ತಂದ ಜೋಳದ ಹಿಟ್ಟು ಮುಗಿದು ನಾವೆಲ್ಲ ಅನ್ನ ತಿಂದು ಬೇಸತ್ತಾಗ, ಈಕೆ ಫೋನಿನಲ್ಲಿ ಆಪಾ ಬಡಿದ ರೊಟ್ಟಿಯ ಸುದ್ದಿ ಕೇಳಿ ನಮಗೆಲ್ಲ ವರದಿ ಒಪ್ಪಿಸಿ ಹೊಟ್ಟೆ ಉರಿಸುತ್ತಿದ್ದಳು.

ಏಪ್ರಿಲ್ ತಿಂಗಳು. ಆಪಾನಿಗೆ ಕಾಮಾಲೆ ಆಗಿದೆ, ಔಷಧಿ ನಡೆದಿದೆ ಅನ್ನುವುದು ನಮಗೆ ಗೊತ್ತಿತ್ತು. ಕಾಮಾಲೆ ಎಲ್ಲರಿಗೂ ಆಗುತ್ತದೆ, ಹೋಗುತ್ತದೆ ಅಂತ ನಾನೇ ಧೈರ್ಯ ಹೇಳಿದ್ದೆ. ಶನಿವಾರ ಗೋಡೆಗೆ ನೀರುಣಿಸುವಾಗ ಮುದ್ದೇಬಿಹಾಳದಾಕೆಯ ಫೋನು ನೀರಿನ ಡ್ರಮ್ಮಿನೊಳಗೆ ಬಿತ್ತು. ಅಕ್ಕಿಯೊಳಗೆ ಹುಗಿದಿಟ್ಟಳು, ಬಿಸಿಲಿಗೆ ಇಟ್ಟಳು, ಅದು ಕಣ್ಣು ತೆರೆಯಲಿಲ್ಲ. ಆಪಾನ ಗಂಡನ ನಂಬರು ಆಕೆಗೆ ಬಾಯಿಪಾಠ ಇರಲಿಲ್ಲ, ನನ್ನ ಫೋನಿನಲ್ಲಿ ಇತ್ತು. ಶನಿವಾರ, ಭಾನುವಾರ, ಸೋಮವಾರ ನನ್ನ ಫೋನಿನಿಂದಲೇ ಹಚ್ಚಿದಳು. ಒಮ್ಮೆ ಹತ್ತಿತು, ಎರಡು ಸಲ ಹತ್ತಲಿಲ್ಲ.

ಮಂಗಳವಾರ ಮುಂಜಾನೆ ಒಂಬತ್ತರ ಸುಮಾರಿಗೆ ನಾನು ಚಹಾದ ಪಾತ್ರೆ ತಿಕ್ಕುತ್ತಿದ್ದೆ. ಫೋನು ಬಂತು. ಆಪಾನ ಗಂಡ.

"ಅಕ್ಕಾರ, ಇಲ್ಲಿ ನಮ್ಮ ಮನಿಯಾಕಿಗೆ ಭಾಳ ಆರಾಮಿಲ್ರಿ. ತಂಗಿ ಹೆಸರ ತಗೊಂಡು ಹಂಬಲಸಾಕತ್ತಾಳ. ಆಕೀನ್ನ ಇವತ್ತ ಕಳಸ್ರಿ."

"ಕಳಸ್ತೇನ್ರಿ," ಅಂದೆ.

ಅವನು ಇಟ್ಟುಬಿಟ್ಟ. ನಾನು ಪಾತ್ರೆ ಅಲ್ಲೇ ಬಿಟ್ಟು ಸ್ವಲ್ಪ ಹೊತ್ತು ಕೂತೆ. ಪಾಪ, ಹೋದಳು ಅಂದುಕೊಂಡೆ. ‘ಹೆಸರು ತಗೊಂಡು ಹಂಬಲಿಸುತ್ತಿದ್ದಾರೆ’ ಅನ್ನುವುದೂ ಆ ಮಾತಿನ ಬಾಲವೇ, ಮಣ್ಣು ಕೊಡಲು ಹೊತ್ತು ನೋಡುತ್ತಿರುವಾಗಲೂ ನಮ್ಮವರು ಹಾಗೇ ಅನ್ನುತ್ತಾರೆ. ಮೇಲಾಗಿ ಫೋನು ಆಕೆಗೆ ಬರದೆ ನನಗೆ ಬಂದಿತ್ತು. ನನಗೆ ಪೂರಾ ಖಾತ್ರಿಯಾಯಿತು. ‘ಜೀವ ಇದೆಯಾ?’ ಅಂತ ಕೇಳುವುದು ಅಪಶಕುನ, ಯಾರೂ ಕೇಳುವುದಿಲ್ಲ, ನಾನೂ ಕೇಳಲಿಲ್ಲ.

ಆಕೆಯ ಫೋನು ಕೆಟ್ಟಿದ್ದರಿಂದಲೇ ಅವನು ನನಗೆ ಹಚ್ಚಿದ್ದ. ಇದು ಹೊಳೆಯಲು ದೊಡ್ಡ ತಲೆ ಬೇಕಿರಲಿಲ್ಲ. ಅಕ್ಕಿಯ ಡಬ್ಬಿಯಲ್ಲಿ ಆ ಫೋನು ನನ್ನ ಕೈಯಳತೆಯಲ್ಲೇ ಇತ್ತು. ಹೊಳೆಯಲಿಲ್ಲ ಅಂತ ನಾನು ಇಷ್ಟು ದಿನ ನನಗೇ ಹೇಳಿಕೊಂಡು ಬಂದಿದ್ದೇನೆ. ಹೊಳೆಯುವುದು ನನಗೆ ಬೇಕಾಗಿರಲಿಲ್ಲವೇನೋ. ಯಾಕೆಂದರೆ ಮರುದಿನ, ಬುಧವಾರ, ನಮ್ಮ ಸ್ಲ್ಯಾಬು ಇತ್ತು.

ಸ್ಲ್ಯಾಬು ಹಾಕುವ ದಿನ ಅಂದರೆ ಏನು ಅಂತ ಆ ಕೆಲಸ ಮಾಡಿದವರಿಗೇ ಗೊತ್ತು. ಮುಂಜಾನೆ ಕಾಂಕ್ರೀಟು ಕಲಸಲು ಸುರು ಮಾಡಿದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ನಡುವೆ ನಿಂತರೆ ಜೋಡಣೆಯಲ್ಲಿ ಬಿರುಕು, ಮಳೆಗಾಲದಲ್ಲಿ ಸೋರುತ್ತದೆ. ಜನ ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಲೇ ಇರಬೇಕು. ಹಿಂದಿನ ತಿಂಗಳು ಹೀಗೇ ‘ಆರಾಮಿಲ್ಲ’ ಅಂತ ಫೋನು ಬಂದು ಸಿಂದಗಿಯ ಮೂವರು ಒಟ್ಟಿಗೆ ಹೋಗಿಬಿಟ್ಟಿದ್ದರು. ಜನ ಸಾಲದೆ ಸ್ಲ್ಯಾಬು ಮುಂದೆ ಹೋಯಿತು. ಎಂಜಿನಿಯರು ಎಲ್ಲರ ಎದುರು ನನ್ನ ಗಂಡನಿಗೆ, ನಿಮ್ಮ ಘಾಟಿಗಳಿಗೆ ಸಾಯಲು ಇದೇ ದಿನ ಸಿಗುತ್ತದೆಯೇ ಅಂದ. ನನ್ನ ಗಂಡ ತಲೆ ತಗ್ಗಿಸಿ ನಿಂತಿದ್ದು ನನ್ನ ಕಣ್ಣಿಗೆ ಕಟ್ಟಿತ್ತು. ಈ ಸಲ ಯಾರೂ ಕದಲಕೂಡದು ಅಂತ ನಾನು ಹಟ ತೊಟ್ಟಿದ್ದೆ. ಮುದ್ದೇಬಿಹಾಳದಾಕೆ ಮೇಲೆ ಕಾಂಕ್ರೀಟು ಏರಿಸುವ ಲಿಫ್ಟಿನ ಬಾಯಿಯ ಹತ್ತಿರ ನಿಂತು ಬುಟ್ಟಿ ಇಳಿಸಿಕೊಳ್ಳುವವಳು. ಆ ಜಾಗಕ್ಕೆ ಅಷ್ಟು ಚುರುಕಿನ ಕೈ ನಮ್ಮಲ್ಲಿ ಬೇರೆ ಇರಲಿಲ್ಲ.

ನಾನು ಲೆಕ್ಕ ಹಾಕಿದೆ. ಸತ್ತವಳು ಸತ್ತಳು. ಇವತ್ತು ಸಂಜೆಯ ಬಸ್ಸಿಗೆ ಕಳಿಸಿದರೂ ನಾಳೆ ಮುಟ್ಟುತ್ತಾಳೆ, ಅಷ್ಟರೊಳಗೆ ಮಣ್ಣಾಗಿರುತ್ತದೆ, ಅವರಲ್ಲಿ ತಡ ಮಾಡುವುದಿಲ್ಲ. ಮುಖ ಹೇಗೂ ಸಿಗುವುದಿಲ್ಲ. ಹಾಗಿದ್ದ ಮೇಲೆ ಒಂದು ದಿನ ಹಿಂದುಮುಂದಾದರೆ ಏನು ಕೆಟ್ಟಿತು? ಪಾಪದ ಹುಡುಗಿ, ಇನ್ನೊಂದು ದಿನ ನಗುತ್ತಾ ಇರಲಿ. ಇದು ಕರುಣೆ ಅಂತಲೂ ನನಗೆ ಅನಿಸಿತು. ಅನಿಸಿತು ಅಂತ ಬರೆಯಲು ಈಗ ನಾಚಿಕೆಯಾಗುತ್ತದೆ. ಗಂಡನಿಗೂ ನಾನು ಹೇಳಲಿಲ್ಲ, ಹೇಳಿದ್ದರೆ ಅವನು ಅದೇ ಹೊತ್ತಿಗೆ ಆಕೆಯ ಚೀಲ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದುಬಿಡುತ್ತಿದ್ದ.

ಮಧ್ಯಾಹ್ನ ಊಟಕ್ಕೆ ಕೂತಾಗ ಆಕೆ ನನ್ನ ಹತ್ತಿರ ಬಂದಳು.

"ಅಕ್ಕಾ, ಫೋನ್ ಕೊಡ. ಆಪಾನ ಜೋಡಿ ಎರಡ ಮಾತಾಡ್ತೇನಿ. ನಿನ್ನೆ ಹತ್ತಲಿಲ್ಲ."

"ಚಾರ್ಜ್ ಇಲ್ಲ," ಅಂದೆ.

"ಹಚ್ಚಿಡ್ಲೇನ?"

"ಕರೆಂಟ್ ಎಲ್ಲೈತಿ? ಉಣ್ಣು ಮೊದಲ. ನಾಳೆ ಸ್ಲ್ಯಾಬ್ ಐತಿ, ಹೊಟ್ಟಿ ತುಂಬ ಉಣ್ಣು."

ಆಕೆ ನಕ್ಕು ತಟ್ಟೆ ಮುಂದೆ ಮಾಡಿದಳು. ಫೋನು ನನ್ನ ಸೊಂಟದ ಚೀಲದಲ್ಲೇ ಇತ್ತು, ಮುಕ್ಕಾಲು ಪಾಲು ಚಾರ್ಜಿತ್ತು. ಅವತ್ತು ನಾನು ಕೊಟ್ಟಿದ್ದರೆ ಅತ್ತಲಿಂದ ಆಪಾನೇ ಮಾತಾಡುತ್ತಿದ್ದಳು.

ಬುಧವಾರ ಸ್ಲ್ಯಾಬು ಚೆನ್ನಾಗಿ ಬಿತ್ತು. ಮುಂಜಾನೆ ಆರಕ್ಕೆ ಸುರುವಾದದ್ದು ಸಂಜೆ ಐದೂವರೆಗೆ ಮುಗಿಯಿತು. ಒಂದು ಕ್ಷಣವೂ ಸಾಲು ತುಂಡಾಗಲಿಲ್ಲ. ಮುದ್ದೇಬಿಹಾಳದಾಕೆ ತಲೆಗೆ ಟವೆಲ್ ಸುತ್ತಿಕೊಂಡು, ಕೆಳಗಿನವರನ್ನು ಬಾಗೇವಾಡಿಯ ಎತ್ತುಗಳು ಇವು, ಹೊಡೆದರೂ ಏಳುವುದಿಲ್ಲ ಅಂತ ಛೇಡಿಸುತ್ತಾ, ಬುಟ್ಟಿ ಇಳಿಸಿಕೊಂಡಳು. ನಾಲ್ಕಕ್ಕೆ ನಾನು ಚಹಾ ಒಯ್ದಾಗ ಎರಡು ಕಪ್ಪು ಕುಡಿದಳು. ಎಂಜಿನಿಯರು ಬಂದು ನನ್ನ ಗಂಡನ ಬೆನ್ನು ತಟ್ಟಿದ. ನನಗೆ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.

ಎಲ್ಲರೂ ಕೈಕಾಲು ತೊಳೆಯುತ್ತಿದ್ದಾಗ ನಾನು ಶೆಡ್ಡಿನ ಹಿಂದೆ ಹೋಗಿ ಮಂಗಳವಾರದ ಆ ಕರೆಯನ್ನು ಫೋನಿನಿಂದ ಅಳಿಸಿದೆ. ಆಕೆ ನನ್ನ ಫೋನಿನಿಂದಲೇ ಊರಿಗೆ ಮಾತಾಡುತ್ತಾಳೆ, ಕಣ್ಣಿಗೆ ಬಿದ್ದೀತು ಅಂತ. ಆಮೇಲೆ ಆಕೆಯ ಹತ್ತಿರ ಹೋಗಿ, "ಈಗ ನಿಮ್ಮ ಭಾವ ಫೋನ್ ಮಾಡಿದ್ದ. ಆಪಾಗ ಆರಾಮಿಲ್ಲಂತ, ಹೊಂಡು," ಅಂದೆ.

ಆಕೆ ಒದ್ದೆ ಕೈಯಲ್ಲೇ ನಿಂತಳು. "ಆರಾಮಿಲ್ಲ ಅಂದ್ರ? ಹಂಗೇನಿಲ್ಲಲ್ಲ ಅಕ್ಕಾ?"

"ಹಂಗೇನಿಲ್ಲ. ಹೋಗಿ ಬಾ."

ಆಕೆ ನನ್ನ ಫೋನು ಇಸಿದುಕೊಂಡು ಹಚ್ಚಿದಳು. ಯಾರೋ ಹೆಂಗಸು ಎತ್ತಿ, ಭಾಳ ಆರಾಮಿಲ್ಲ, ಜಲ್ದಿ ಬಾ ಅಂದಳು. ಹಿಂದಿನ ದಿನ ನಾನು ಕೇಳಿದ್ದೂ ಅದೇ ಮಾತು. ಮಂಗಳವಾರ ಅದರ ಅರ್ಥ ಆರಾಮಿಲ್ಲ ಅಂತಲೇ ಇತ್ತು. ಬುಧವಾರ ಸಂಜೆ ಹಾಗಿರಲಿಲ್ಲ.

ನನ್ನ ಗಂಡ ಆಕೆಯನ್ನು ಬಸ್ಸು ಹತ್ತಿಸಿ ಬಂದ. ಗುರುವಾರ ಮುಂಜಾನೆ ನಿಡಗುಂದಿಯಲ್ಲಿ ಇಳಿದು, ಮುದ್ದೇಬಿಹಾಳಕ್ಕೆ ಬಂದು, ಅಲ್ಲಿಂದ ಟಂಟಂ ಆಟೋ ಹಿಡಿದು ಆಕೆ ಮನೆ ಮುಟ್ಟಿದಾಗ, ಮಣ್ಣು ಕೊಟ್ಟು ಬಂದ ಗಂಡಸರು ಕಾಲು ತೊಳೆಯುತ್ತಿದ್ದರಂತೆ.

ನಲವತ್ತು ದಿನ ಮುಗಿಸಿ ಆಕೆ ಗೋವಾಕ್ಕೆ ಮರಳಿದಳು. ಬಂದವಳು ನನ್ನನ್ನು ತಬ್ಬಿಕೊಂಡು ಅತ್ತಳು. ಅಳು ನಿಂತ ಮೇಲೆ ಹೇಳಿದಳು.

"ಬುಧವಾರ ಮಧ್ಯಾಹ್ನತನಕಾ ಆಪಾ ಮಾತಾಡ್ಯಾಳಂತ ಅಕ್ಕಾ. ನನ್ನ ಹುಡುಗಿ ಬದಿಗಿ ಕೂತಿತ್ತಲ್ಲ, ಅದ ಹೇಳ್ತು. ಅವ್ವ ಬಂದ್ಲೇನ ನೋಡು, ಅವ್ವ ಬಂದ್ಲೇನ ನೋಡು ಅಂತ ಅದನ್ನ ಬಾಗಿಲಿಗಿ ಕಳಸೂದು. ನಾಲ್ಕರ ಸುಮಾರಿಗೆ ಜೀವ ಹೋತಂತ."

ನನ್ನ ಕೈಯಲ್ಲಿ ಸಾರಿನ ಸೌಟು ಇತ್ತು. ಅದನ್ನು ಕೆಳಗಿಡಲೂ ನನಗೆ ತಿಳಿಯಲಿಲ್ಲ. ದವಾಖಾನೆಯವರು ಸೋಮವಾರವೇ ಮನೆಗೆ ಒಯ್ಯಿರಿ ಅಂದಿದ್ದರಂತೆ. ಮಂಗಳವಾರ ಇಡೀ ದಿನ, ಬುಧವಾರ ಅರ್ಧ ದಿನ ಆ ಹೆಂಗಸು ಎಚ್ಚರ ಇದ್ದಳು. ಮಂಗಳವಾರ ಸಂಜೆ ಬಸ್ಸು ಹತ್ತಿದ್ದರೆ ತಂಗಿ ಬುಧವಾರ ಮುಂಜಾನೆ ಎದುರಿಗೆ ಇರುತ್ತಿದ್ದಳು.

"ಎಲ್ಲಾ ಭಾವನ ಸಲುವಾಗಿ ಆತು," ಅಂದಳು ಆಕೆ. "ಆಪಾ ಸಾಯೂತನಕಾ ಸುಮ್ಮ ಕೂತು, ಸತ್ತಮ್ಯಾಲೆ ಫೋನ್ ಹಚ್ಚ್ಯಾನ. ಕೇಳಿದ್ರ ಮಂಗಳವಾರನ ಹಚ್ಚಿದ್ದೆ ಅಂತಾನ. ಸುಳ್ಳ ಹೇಳ್ತಾನ, ಹೆಣದ ಮನ್ಯಾಗ. ನೀ ಬಂದು ಈಗ ಫೋನ್ ಬಂತು ಅಂದಿ, ನಾ ಕೇಳಿಲ್ಲೇನು? ಅವನ ಮನ್ಯಾಗ ನಾ ಇನ್ನ ನೀರ ಮುಟ್ಟೂದಿಲ್ಲ."

ಆ ಕ್ಷಣದಲ್ಲಿ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಬೈಯುತ್ತಿದ್ದಳು, ಹೊಡೆಯುತ್ತಿದ್ದಳು, ಊರಿಗೆಲ್ಲ ಸಾರುತ್ತಿದ್ದಳು. ಇಪ್ಪತ್ತು ಜನರನ್ನು ಗದರಿ ನಡೆಸುವ ನನ್ನ ಬಾಯಿಗೆ ಅವತ್ತು ಏನು ಬಡಿದಿತ್ತೋ. "ಹೋಗಲಿ ಬಿಡು, ದುಃಖದಾಗ ಇರ್ತಾರ," ಅಂದೆ. ನೋಡಿ, ಎಷ್ಟು ದೊಡ್ಡ ಮನಸ್ಸು ನನ್ನದು.

ಜೂನಿನಲ್ಲಿ ಮಳೆ ಹಿಡಿದು ಕೆಲಸ ನಿಂತಿತು. ಎಲ್ಲರೂ ಊರಿಗೆ ಹೊರಟೆವು. ಹೊರಡುವಾಗ ಮುದ್ದೇಬಿಹಾಳದಾಕೆ ತನ್ನ ಇರಾದೆ ಹೇಳಿದಳು. ಮಗಳನ್ನು ಭಾವನ ಮನೆಯಿಂದ ಬಿಡಿಸಿಕೊಂಡು ಬರುತ್ತಾಳಂತೆ. ಶಾಲೆಯಿಂದ ದಾಖಲೆ ತೆಗೆಸಿ, ಮಳೆ ನಿಂತ ಮೇಲೆ ಗೋವಾಕ್ಕೆ ಕರೆತಂದು ತನ್ನ ಜೊತೆ ಶೆಡ್ಡಿನಲ್ಲಿ ಇಟ್ಟುಕೊಳ್ಳುತ್ತಾಳಂತೆ. ಹುಡುಗಿ ಐದನೆ ಇಯತ್ತೆ, ಓದಿನಲ್ಲಿ ಮುಂದು. ಶೆಡ್ಡಿಗೆ ಬಂದ ಹೆಣ್ಣುಮಕ್ಕಳು ಏನಾಗುತ್ತಾರೆ ಅಂತ ನಾನು ಹದಿನೈದು ವರ್ಷದಿಂದ ನೋಡುತ್ತಿದ್ದೇನೆ. ಮೊದಲ ತಿಂಗಳು ಪಾಟಿಚೀಲ ಗೂಟದಲ್ಲಿ ತೂಗುತ್ತದೆ, ಎರಡನೆ ತಿಂಗಳು ಅದರಲ್ಲಿ ಉಳ್ಳಾಗಡ್ಡಿ ತುಂಬಿರುತ್ತಾರೆ.

"ನೀ ನಡಕ ಇದ್ದು ಮಾತಾಡು ಅಕ್ಕಾ," ಅಂದಳು. "ಅವನ ಜೋಡಿ ನಾ ಮಾತಾಡೂದಿಲ್ಲ."

ಒಪ್ಪಿಕೊಂಡೆ. ಹೋಗಿ ಅವರಿಬ್ಬರ ಎದುರೇ ಹೇಳಿಬಿಡುತ್ತೇನೆ, ತಪ್ಪು ನನ್ನದು, ಹುಡುಗಿಯ ಶಾಲೆ ಕೆಡಿಸಬೇಡಿರಿ ಅನ್ನುತ್ತೇನೆ ಅಂತ ಗಟ್ಟಿ ಮಾಡಿಕೊಂಡೇ ನಮ್ಮೂರಿನಿಂದ ಹೊರಟೆ. ಇಂಡಿಯಿಂದ ಬಿಜಾಪುರ, ಬಿಜಾಪುರದಿಂದ ಬಾಗೇವಾಡಿ. ಬಸ್ಸಿನಲ್ಲಿ ಆ ಮಾತುಗಳನ್ನು ಶಾಲೆಯ ಪದ್ಯದಂತೆ ಮನಸ್ಸಿನಲ್ಲೇ ಒಪ್ಪಿಸಿ ನೋಡಿದೆ. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ತಿರುಗಿ ಹೋಗಿಬಿಡಲೇ ಅನಿಸಿತ್ತು. ಹೋಗಲಿಲ್ಲ. ಮುದ್ದೇಬಿಹಾಳದ ಸ್ಟ್ಯಾಂಡಿನಲ್ಲಿ ಆಕೆ ಕಾಯುತ್ತಿದ್ದಳು. ನನ್ನ ಚೀಲ ತಾನೇ ಹಿಡಿದುಕೊಂಡಳು.

ಆಪಾನ ಗಂಡ ನಲವತ್ತೈದರ ಮನುಷ್ಯ, ಎರಡೆಕರೆಯಲ್ಲಿ ಉಳ್ಳಾಗಡ್ಡಿ ಬೆಳೆಯುವವ. ನಾವು ಒಳಗೆ ಕಾಲಿಟ್ಟಾಗ ಎದ್ದು ನಿಂತು ಚಾಪೆ ಹಾಸಿದ. ಹುಡುಗಿ ಎರಡು ಗ್ಲಾಸು ನೀರು ತಂದಿತು. ನಾನು ಕುಡಿದೆ. ತಾಯಿ ತನ್ನ ಗ್ಲಾಸನ್ನು ಕೈಗೆತ್ತಿಕೊಳ್ಳದೆ ಕಂಬಕ್ಕೆ ಒರಗಿ ನಿಂತಳು, ಕೂರಲೂ ಇಲ್ಲ. ಅವನು ಆ ಗ್ಲಾಸನ್ನೇ ನೋಡುತ್ತಿದ್ದ.

"ಅಕ್ಕಾರ, ನೀವ ಹೇಳ್ರಿ ಈಕಿಗಿ," ಅಂದ. "ನಾ ಮಂಗಳವಾರ ಮುಂಜಾನೆ ಹಚ್ಚಿದ್ದೆ. ಕಳಸ್ತೇನ್ರಿ ಅಂದ್ರಿ ನೀವು. ಹೌದಲ್ರಿ?"

ಆಕೆ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ನನ್ನ ಬಗ್ಗೆ ಒಂದು ಕಾಳಿನಷ್ಟೂ ಸಂಶಯ ಇರಲಿಲ್ಲ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ.

"ಅದು ಬುಧವಾರ ಅಲ್ಲೇನ್ರಿ?" ಅಂದೆ. "ಸಂಜಿಮುಂದ."

ಅವನದು ಹಳೆಯ ಗುಂಡಿ ಫೋನು, ಎರಡು ತಿಂಗಳ ಹಿಂದಿನ ಕರೆ ಅದರಲ್ಲಿ ಎಲ್ಲಿ ಉಳಿದಿರಬೇಕು? ಅವನು ಬೆರಳು ಮಡಚಿ ಎಣಿಸತೊಡಗಿದ. "ಸೋಮವಾರ ದವಾಖಾನಿಂದ ತಂದ್ವಿ. ಮಂಗಳವಾರ... ಮುಂಜಾನೆ ಗಂಜಿ ಕುಡಿಸಿದ್ನಿ. ಫೋನ್ ಹಚ್ಚು ಅಂದ್ಲು. ಹೊರಗ ಕಟ್ಟಿಗಿ ಬಂದು..." ಅಲ್ಲಿಗೆ ನಿಂತ. ಮತ್ತೆ ಮೊದಲಿನಿಂದ ಎಣಿಸಿದ. ನನ್ನ ಮುಖ ನೋಡಿದ. ನಾನು ಪರಊರಿನ ಹಿರಿಯ ಹೆಂಗಸು, ಸುಳ್ಳು ಹೇಳಿ ನನಗೇನು ಸಿಗಬೇಕು? ಅವನ ಬೆರಳು ನಿಧಾನವಾಗಿ ಬಿಚ್ಚಿಕೊಂಡವು.

"ನಿದ್ದಿ ಇರಲಿಲ್ರಿ ಅಕ್ಕಾರ, ನಾಕ್ಕ ದಿನ," ಅಂದ. "ಹಚ್ಚಬೇಕು, ಹಚ್ಚಬೇಕು ಅಂತ ಮನಸಿನ್ಯಾಗ ಅಂದುಕೊಂಡಿದ್ದನ್ನ ಹಚ್ಚೇನಿ ಅಂತ ತಿಳಕೊಂಡಿರಬೇಕು." ನಾದಿನಿಯ ಕಡೆ ತಿರುಗಿದ. "ನಂದ ತಪ್ಪಾತವ್ವ. ಆಕೀ ಕಾದ್ಲು, ನಾ ಹಚ್ಚಲಿಲ್ಲ. ಆದ್ರ ಹುಡುಗಿ ಸಾಲಿ ಬಿಡಿಸಬ್ಯಾಡ. ಇದೂ ಹೋದ್ರ ಈ ಮನ್ಯಾಗ ನಾ ಹೆಂಗ ಇರ್ಲಿ?"

ತಪ್ಪು ಒಪ್ಪಿಕೊಂಡವನ ಮೇಲೆ ನಮ್ಮವರು ಸಿಟ್ಟು ಉಳಿಸಿಕೊಳ್ಳುವುದಿಲ್ಲ. ಆಕೆ ಕಂಬದ ಬುಡಕ್ಕೆ ಕುಸಿದು ಕೂತು ಗಟ್ಟಿಯಾಗಿ ಅತ್ತಳು. ಅವನೂ ಅತ್ತ. ಹುಡುಗಿ ಗ್ಲಾಸು ಹಿಡಿದು ತಾಯಿಯ ಹತ್ತಿರ ಹೋಯಿತು, ಆಕೆ ಕುಡಿದಳು. ಅಲ್ಲಿಗೆ ಎಲ್ಲ ಮುಗಿಯಿತು. ಹುಡುಗಿ ಅಲ್ಲೇ ಉಳಿಯುವುದು, ಶಾಲೆಗೆ ಹೋಗುವುದು, ರಜೆಯಲ್ಲಿ ತಾಯಿ ಬರುವುದು ಅಂತಾಯಿತು. ನನಗೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಸಾಕು ಅಂದರೂ ಆಕೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಉಂಡೆ. ಪೂರಾ ಉಂಡೆ, ತಟ್ಟೆಯಲ್ಲಿ ಬಿಟ್ಟರೆ ಯಾಕೆ ಅಂತ ಕೇಳುತ್ತಾರೆ ಅಂತ.

ಬಸ್ಸಿನ ತನಕ ನನ್ನನ್ನು ಕಳಿಸಲು ಅವನು ಬಂದ. ದೂರದಲ್ಲಿ ಬಸ್ಸು ಕಂಡಾಗ ಚೀಲ ನನ್ನ ಕೈಗೆ ಕೊಟ್ಟು ಹೇಳಿದ.

"ನಿಮ್ಮಿಂದ ಹುಡುಗಿ ಸಾಲಿ ಉಳೀತ್ರಿ ಅಕ್ಕಾರ. ನಿಮ್ಮ ಉಪಕಾರ ಮರಿಯೂದಿಲ್ಲ."

ನಾನು ಚೀಲ ಹೆಗಲಿಗೆ ಏರಿಸಿಕೊಂಡೆ.

"ಒಂದ ಮಾತು ನೋಡ್ರಿ," ಅಂದ ಅವನು. "ಬುಧವಾರ ಮಧ್ಯಾಹ್ನ ಆಕೀ ನನ್ನ ಕೈ ಹಿಡಕೊಂಡು ಕೇಳಿದ್ಲು, ಫೋನ್ ಹಚ್ಚೀಯೋ ಇಲ್ಲೋ ಅಂತ. ಹಚ್ಚೇನಿ, ಬರಾಕತ್ತಾಳ ಅಂದೆ. ಇಪ್ಪತ್ತ ವರ್ಷದಾಗ ಆಕೀಗಿ ಒಂದ ಸುಳ್ಳ ಹೇಳಿದ್ದಿಲ್ರಿ ನಾ. ಕಡೀಕ ಸುಳ್ಳ ಹೇಳಿ ಕಳಿಸಿದಂಗಾತಲ್ರಿ."

ಬಸ್ಸು ನಿಂತಿತು. ನಾನು ಹತ್ತಿ ಕಿಟಕಿಯ ಬದಿಗೆ ಕೂತು, "ಬರ್ತೇನ್ರಿ," ಅಂದೆ.